ಮೊದಲ ಹೆಬ್ಬೆಟ್ಟು

ಸಿರುಗುಪ್ಪ
9 ಜೂನ್ 2024

ದಿಲ್ಲಿಯಲ್ಲಿರುವ ಮಗಳು ಅನಿತಾಳಿಗೆ ಅಪ್ಪ ಪಾಲಯ್ಯ ಬರೆಯುವುದು.

ನಾನು, ನಿನ್ನ ತಮ್ಮ ಪರಶು, ಅವನ ಹೆಂಡತಿ ಮೂವರೂ ಆರಾಮಾಗಿದ್ದೇವೆ. ನಿನ್ನೆ ಸಂಜೆ ಪರಶು ಫೋನು ಹಿಡಿದು ಓಡಿ ಬಂದು ನನ್ನ ಕಿವಿಯಲ್ಲಿ ಏನೋ ಕೂಗಿದ. ಮೂವತ್ತು ವರ್ಷ ರೈಸ್ ಮಿಲ್ಲಿನ ಮಷೀನಿನ ಪಕ್ಕ ನಿಂತ ಮೇಸ್ತ್ರಿಗೆ ಕೂಗಿದರೆಷ್ಟು, ಬಿಟ್ಟರೆಷ್ಟು? ಕೊನೆಗೆ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದ. ನಿನಗೆ ಬಡ್ತಿ ಆಗಿದೆಯಂತೆ. ಓದಿ ನನಗೆ ಅಳು ಬಂತು. ಅವನು ಹಲ್ಲು ಕಿರಿದು ನಗುತ್ತಿದ್ದ. ಆ ಕತ್ತೆಗೆ ಏನು ತಿಳಿಯುತ್ತದೆ.

ಫೋನಿನಲ್ಲೇ ಬರೆದು ಕಳಿಸುತ್ತೇನೆ ಎಂದು ನೀನು ಎಷ್ಟು ಸಲ ಹೇಳಿದರೂ ನನಗೆ ಕಾಗದವೇ ಬೇಕು. ಪರಶುವಿನ ಫೋನಿಗೆ ಬಂದದ್ದನ್ನು ಮೊದಲು ಅವನು ಓದುತ್ತಾನೆ, ಆಮೇಲೆ ಅವನ ಹೆಂಡತಿ, ಉಳಿದರೆ ನಾನು. ಮಗಳು ನನಗೆ ಬರೆದದ್ದು ನನ್ನ ಕೈಯಲ್ಲೇ ಬಿಚ್ಚಿಕೊಳ್ಳಬೇಕು.

ಎದುರು ಮನೆಯ ಗಿಡ್ಡಮ್ಮನಿಗೆ ಸಕ್ಕರೆ ಕೊಟ್ಟು ಬಂದೆ. ನಿನ್ನ ಅವ್ವ ಹಾಸಿಗೆ ಹಿಡಿದ ಕಾಲದಲ್ಲಿ ನಿನಗೆ ಜಡೆ ಹಾಕಿ ಸಾಲಿಗೆ ಕಳಿಸಿದವಳು ಅವಳೇ ಅಲ್ಲವೇ. "ಅಣ್ಣಾ, ಹುಡುಗಿದು ಅಂಥಾದ್ದೇನು ಕೆಲ್ಸ? ವಕೀಲಿಕೀನೋ, ಪೊಲೀಸೋ?" ಎಂದು ಕೈ ಸನ್ನೆ ಮಾಡಿ ಕೇಳಿದಳು. ನನಗೂ ಸರಿಯಾಗಿ ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಹೇಳಿ ಬಂದೆ. ಬಳ್ಳಾರಿಯಲ್ಲಿ ವಿರೂಪಾಕ್ಷಿ ವಕೀಲರ ಹತ್ತಿರ ಇದ್ದಾಗ ಕರಿ ಕೋಟು ಕಾಣುತ್ತಿತ್ತು, ಕೋರ್ಟು ಕಾಣುತ್ತಿತ್ತು, ಹೇಳಲು ಸುಲಭವಿತ್ತು. ಈಗ ನಿನ್ನ ಕೆಲಸ ಏನೆಂದು ನನಗೆ ತಿಳಿಯುವ ಹಾಗೆ ಬರೆ.

ನಿನ್ನ ಅಪ್ಪ,
ಪಾಲಯ್ಯ


ದೆಹಲಿ
23 ಜೂನ್ 2024

ಅಪ್ಪ,

ನಿನ್ನ ಕಾಗದ ಓದಿ ನಕ್ಕೆ. ಕ್ಯಾಲೆಂಡರಿನ ಹಿಂದೆ ಪರಶು ಬರೆದದ್ದನ್ನು ಹರಿದಿಟ್ಟುಕೊಂಡಿರುತ್ತೀಯ, ನನಗೆ ಗೊತ್ತು.

ಕೆಲಸದ ವಿಷಯ ಕೇಳಿದ್ದೀಯ. ಯಾವುದಾದರೂ ಖಾತೆಯಲ್ಲಿ ದುಡ್ಡಿನ ಓಡಾಟ ನೋಡಿ ಬ್ಯಾಂಕಿನವರಿಗೆ ಅನುಮಾನ ಬಂದರೆ ಅವರು ನಮ್ಮ ಕಚೇರಿಗೆ ತಿಳಿಸಬೇಕು. ಆ ದುಡ್ಡು ಎಲ್ಲಿಂದ ಹೊರಟಿತು, ಯಾರ ಯಾರ ಕೈ ದಾಟಿತು, ಎಲ್ಲಿ ಹೋಗಿ ನಿಂತಿತು ಎಂದು ನಮ್ಮಲ್ಲಿ ಕೆಲವರು ಜಾಡು ಹಿಡಿಯುತ್ತಾರೆ. ಹಿಡಿದ ಜಾಡನ್ನು ಯಾವ ತನಿಖೆಯವರಿಗೆ ಕೊಡಬಹುದು, ಯಾರ ಖಾತೆಗೆ ಬೀಗ ಹಾಕಬಹುದು, ಅದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಪಾಲಿನ ಕೆಲಸ. ಇಷ್ಟು ವರ್ಷ ತೆರಿಗೆಗಳ್ಳರು, ಲಂಚಕೋರರು. ಈಗ ಕೊಟ್ಟಿರುವುದು ದೇಶದ ಭದ್ರತೆಯ ವಿಭಾಗ. ಇಲ್ಲಿ ಓಡಾಡುವ ದುಡ್ಡಿನಿಂದ ಜನರ ಜೀವ ಹೋಗುತ್ತದೆ ಅಪ್ಪ.

ಬಾಗಿಲಲ್ಲೇ ಫೋನು ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗುತ್ತೇವೆ. ಒಳಗೆ ಕಂಡದ್ದನ್ನು ಹೊರಗೆ ಆಡುವ ಹಾಗಿಲ್ಲ. ವಿರೂಪಾಕ್ಷಿ ಸರ್ ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದರು, "ಕಕ್ಷಿದಾರ ಹೇಳಿದ್ದು ನಿನ್ ಹೊಟ್ಟ್ಯಾಗ ಇರ್ಬೇಕವ್ವಾ. ನಿನ್ ಗಂಡಗೂ ಗೊತ್ತಾಗಬಾರ್ದು." ಗಂಡ ಇಲ್ಲ, ಆ ಕಷ್ಟ ತಪ್ಪಿತು. ಕಕ್ಷಿದಾರನ ಜಾಗದಲ್ಲಿ ಈಗ ಸರ್ಕಾರ ಕೂತಿದೆ, ಅಷ್ಟೇ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಮಿಲ್ಲಿನ ಹತ್ತಿರ, ಹೋಟೆಲಿನಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಡ. ಮಗಳು ಸರ್ಕಾರಿ ವಕೀಲಳು ಅಂದರೆ ಸಾಕು. ನೀನು ಎದೆ ಉಬ್ಬಿಸಿಕೊಂಡು ಹೇಳುವುದನ್ನು ಇಲ್ಲಿಂದಲೇ ನೋಡುತ್ತಿದ್ದೇನೆ.

ಕಿವಿಗೆ ಎಣ್ಣೆ ಬಿಡಬೇಡ, ಡಾಕ್ಟರು ಬೇಡ ಎಂದಿದ್ದಾರೆ.

ನಿನ್ನ ಮಗಳು,
ಅನಿತಾ


ಸಿರುಗುಪ್ಪ
15 ಸೆಪ್ಟೆಂಬರ್ 2024

ಅನಿತಾ,

ಕಾಗದ ಬರೆಯದೆ ತಿಂಗಳುಗಳಾದವು, ಬೈಯಬೇಡ. ಈ ಸಲ ಕಾಲುವೆಗೆ ನೀರು ಚೆನ್ನಾಗಿ ಬಿಟ್ಟಿದ್ದಾರೆ. ಎಲ್ಲಿ ನೋಡಿದರೂ ನೆಲ್ಲು ಹಸಿರಾಗಿದೆ. ಮಿಲ್ಲಿನಲ್ಲಿ ನನಗೆ ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಹೋಗಿ ಗೇಟಿನ ಹತ್ತಿರ ಕೂತು ಬರುತ್ತೇನೆ. ಮನೆಯಲ್ಲಿ ಕೂತರೆ ಸೊಸೆಗೆ ನಾನು ಅಡ್ಡ, ನನಗೆ ಸೊಸೆ ಅಡ್ಡ.

ಒಂದು ತಮಾಷೆ ಕೇಳು. ಆಷಾಢದಲ್ಲಿ ಕುರುಗೋಡಿನ ತಿಪ್ಪೇಸ್ವಾಮಿ ಎಂಬುವನು ಮಿಲ್ಲಿಗೆ ಬಂದಿದ್ದ. ಬಿಳಿ ಅಂಗಿ, ಕೈಯಲ್ಲಿ ಬೆರಳು ಒತ್ತುವ ಮಷೀನು. ಕಣದಲ್ಲಿ ನೆಲ್ಲು ಹರವುವ ಹೆಂಗಸರಿಗೆಲ್ಲ ಹೊಸ ಬ್ಯಾಂಕ್ ಖಾತೆ, ಹೊಸ ಸಿಮ್ಮು. ಸರ್ಕಾರದ ಸಹಾಯಧನ ಬರುತ್ತದಂತೆ. ಕಾರ್ಡು, ಸಿಮ್ಮು ಅವನ ಹತ್ತಿರವೇ ಇರುತ್ತವೆ, ಧನ ಬಂದಾಗ ತಂದುಕೊಡುತ್ತಾನಂತೆ. ಖಾತೆ ಮಾಡಿಸಿದವರಿಗೆಲ್ಲ ಒಂದೊಂದು ಸ್ಟೀಲ್ ಕೊಡ.

ಮಿಲ್ಲಿನ ಪದ್ಧತಿ ನಿನಗೆ ಗೊತ್ತಲ್ಲ. ಕೂಲಿಯ ಮಾತಿರಲಿ, ಏನೇ ಇರಲಿ, ಹಿರಿಯರು ಒಬ್ಬರು ಮೊದಲು ಹೆಬ್ಬೆಟ್ಟು ಒತ್ತಬೇಕು. ಅಲ್ಲಿವರೆಗೆ ಉಳಿದವರು ಕೈ ಮುಂದೆ ಮಾಡುವುದಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಗಿಡ್ಡಮ್ಮ, "ಅಣ್ಣಾ, ನೀ ಒತ್ತಿದ್ರ ನಾನೂ ಒತ್ತೀನಿ" ಎಂದು ಹೆಬ್ಬೆರಳು ತೋರಿಸಿ ಸನ್ನೆ ಮಾಡಿದಳು. ನಾನು ಓದು ಬಲ್ಲವನು, ಸಹಿ ಮಾಡುವವನು, ಆದರೂ ಮಷೀನಿಗೆ ಬೆರಳೇ ಬೇಕಲ್ಲ. ಒತ್ತಿದೆ. ಒತ್ತಿ ಎಲ್ಲರಿಗೂ ಹೇಳಿದೆ, "ನನ್ ಮಗಳು ದಿಲ್ಲ್ಯಾಗ ಬ್ಯಾಂಕಿನ ಮೋಸ ಹಿಡಿಯೋ ವಕೀಲಿ. ಇದ್ರಾಗ ಏನಾರ ಮೋಸ ಇದ್ರ ಆಕಿಗಿ ಮೊದ್ಲು ಗೊತ್ತಾಗ್ತೈತಿ. ಗೊತ್ತಾದ ಕೂಡ್ಲೇ ನಮಗ ಹೇಳ್ತಾಳ." ಆಮೇಲೆ ನೋಡು, ಸಾಲಾಗಿ ನಿಂತು ಒತ್ತಿದರು.

ನೀನು ಹೇಳಬೇಡ ಎಂದಿದ್ದೆ. ಬಾಯಿ ತಡೆಯಲಿಲ್ಲ. ಸಹಾಯಧನ ಇನ್ನೂ ಬಂದಿಲ್ಲ. ಕೊಡವಂತೂ ಸೋರುತ್ತದೆ.

ದಸರೆಗೆ ರಜ ಸಿಗುತ್ತದೆಯೇ ಬರೆ.

ಅಪ್ಪ


ದೆಹಲಿ
6 ಅಕ್ಟೋಬರ್ 2024
(ಬರೆದು, ಅಂಚೆಗೆ ಹಾಕದೆ ಹೋದ ಪತ್ರ)

ಅಪ್ಪ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಬರೆಯದೆ ಇರಲಾರೆ.

ಹದಿನೈದು ದಿನ ಬೇರೆ ಊರಿನಲ್ಲಿದ್ದೆ. ಸೋಮವಾರ ಕಚೇರಿಗೆ ಹೋದಾಗ ಮೇಜಿನ ಮೇಲೆ ಒಂದು ಕಡತ ಇತ್ತು. ಮನೆಗೆ ಬಂದಾಗ ಬಾಗಿಲ ಕೆಳಗೆ ನಿನ್ನ ಕಾಗದ ಇತ್ತು. ಕಡತ ಮೊದಲು ಓದಿದೆ, ಕಾಗದ ಆಮೇಲೆ. ಒಂದು ದಿನ ಹಿಂದೆಮುಂದಾಗಿದ್ದರೆ ಆ ತಿಪ್ಪೇಸ್ವಾಮಿಯ ಮುಖಕ್ಕೆ ಕೊಡ ಎಸೆದು ಬಾ ಎಂದು ನಿನಗೆ ಬರೆಯುತ್ತಿದ್ದೆ. ಯಾವ ಕಾನೂನೂ ನನ್ನನ್ನು ತಡೆಯುತ್ತಿರಲಿಲ್ಲ.

ಕಡತದಲ್ಲಿ ಸಿರುಗುಪ್ಪ ಎಂದು ಓದಿ ಮೊದಲು ಖುಷಿಯಾಯಿತು, ಊರಿನ ಹೆಸರು ಅಂತ. ಕೆಳಗೆ ನಿನ್ನ ಹೆಸರಿತ್ತು. ಅದರ ಕೆಳಗೆ ಗಿಡ್ಡಮ್ಮತ್ತೆಯದು. ನಿಮ್ಮೆಲ್ಲರ ಖಾತೆಗಳಿಗೆ ದುಡ್ಡು ಬರುತ್ತದೆ, ಗಳಿಗೆಯೂ ನಿಲ್ಲದೆ ಹೋಗುತ್ತದೆ. ಹೋಗಿ ಯಾರ ಕೈ ಸೇರುತ್ತದೆಂದು ನನಗೆ ಗೊತ್ತು. ಅವರು ಅದರಿಂದ ಏನು ಕೊಳ್ಳುತ್ತಾರೆಂದೂ ಗೊತ್ತು. ಗಿಡ್ಡಮ್ಮತ್ತೆ ಆ ಮಾತು ಕೇಳಿದರೆ ಊಟ ಬಿಡುತ್ತಾಳೆ.

ಮರುದಿನ ಬೆಳಿಗ್ಗೆಯೇ ಮೇಲಧಿಕಾರಿಯ ಹತ್ತಿರ ಹೋಗಿ, ಇದರಲ್ಲಿ ನನ್ನ ತಂದೆ ಇದ್ದಾರೆ, ಈ ಕಡತ ನಾನು ಮುಟ್ಟಬಾರದು ಎಂದೆ. ತೆಗೆದು ಬೇರೆಯವರಿಗೆ ಕೊಟ್ಟರು. ಊರಿಗೆ ಒಂದು ಮಾತು ಹೋದರೂ ಹಿಂದಿರುವವರು ಕಾಣೆಯಾಗುತ್ತಾರೆ ಎಂದರು. ನಿಜ. ನಿನಗೆ ಹೇಳಿದರೆ ನೀನು ಸುಮ್ಮನಿರುವವನಲ್ಲ. ಮಿಲ್ಲಿಗೆ ಹೋಗಿ ಗೇಟಿನಲ್ಲೇ ಕೂಗುತ್ತೀಯ. ಕಿವುಡರ ಗುಟ್ಟು ಊರಿಗೆಲ್ಲ ಕೇಳುತ್ತದೆ ಎಂದು ನೀನೇ ತಮಾಷೆ ಮಾಡುತ್ತಿದ್ದೆ.

ಇನ್ನೊಂದು ಮಾತಿದೆ. ನನ್ನ ಕೆಲಸದ ಹೆಸರು ಹೇಳಿ ಎಲ್ಲರನ್ನೂ ಒಪ್ಪಿಸಿದೆ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ನಾನು ಮೇಲಧಿಕಾರಿಗೆ ಹೇಳಲಿಲ್ಲ. ಬಾಯಿಯವರೆಗೆ ಬಂತು, ನುಂಗಿದೆ. ಹೇಳಿದರೆ ಈ ವಿಭಾಗದಲ್ಲಿ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಕಾನೂನಿಗಾಗಿ ನಿನಗೆ ಹೇಳುತ್ತಿಲ್ಲ, ನನಗಾಗಿ ಅವರಿಗೆ ಹೇಳುತ್ತಿಲ್ಲ. ಈ ಎರಡನ್ನೂ ಒಂದೇ ಎಂದುಕೊಳ್ಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

ಭಯವಾಗುತ್ತಿದೆ ಅಪ್ಪ.

ಅನಿತಾ


ದೆಹಲಿ
6 ಅಕ್ಟೋಬರ್ 2024

ಅಪ್ಪ,

ನಿನ್ನ ಕಾಗದ ತಲುಪಿತು. ಕೆಲಸ ಬಹಳ ಇದೆ, ದಸರೆಗೆ ಬರಲು ಆಗುವುದಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡ. ಗಿಡ್ಡಮ್ಮತ್ತೆಯನ್ನು ಕೇಳಿದೆನೆಂದು ಹೇಳು.

ಅನಿತಾ


ಸಿರುಗುಪ್ಪ
12 ಡಿಸೆಂಬರ್ 2024

ಅನಿತಾ,

ನಿನ್ನ ಹಿಂದಿನ ಕಾಗದ ಇಷ್ಟೇ ಇಷ್ಟಿತ್ತು. ಏನೋ ಕೆಲಸ ಎಂದುಕೊಂಡೆ. ಈಗ ಬೇರೆ ಅನಿಸುತ್ತಿದೆ.

ಕಳೆದ ವಾರ ಮಧ್ಯಾಹ್ನ ಮೂರು ಗಾಡಿ ಬಂದವು. ಪೊಲೀಸರಿದ್ದರು, ದಿಲ್ಲಿ ಕಡೆಯ ಅಧಿಕಾರಿಗಳಿದ್ದರು. ಕಣದಲ್ಲಿದ್ದ ಹೆಂಗಸರನ್ನು ಕಾಲಲ್ಲಿ ಹತ್ತಿದ ನೆಲ್ಲಿನ ಸಮೇತ ಹತ್ತಿಸಿಕೊಂಡರು. ನನ್ನನ್ನೂ ಕರೆದೊಯ್ದರು. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಒಂದು ಹಳೆಯ ಬಂಗಲೆ, ಅಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದರು. ನನಗೆ ಕೇಳುವುದಿಲ್ಲವೆಂದು ಹೆಸರು, ವಿಳಾಸ ಬರೆಸಿಕೊಂಡು ಬಿಟ್ಟರು. ನಮ್ಮ ಖಾತೆಗಳಲ್ಲಿ ದೇಶದ್ರೋಹಿಗಳ ದುಡ್ಡು ಓಡಾಡಿದೆಯಂತೆ. ತಿಪ್ಪೇಸ್ವಾಮಿಯನ್ನು ಅದೇ ದಿನ ಕುರುಗೋಡಿನಲ್ಲಿ ಹಿಡಿದರು. ನಾವೂ ಆರೋಪಿಗಳೇ ಅಂತೆ. ವಿರೂಪಾಕ್ಷಿ ವಕೀಲರು ಸುದ್ದಿ ತಿಳಿದು ತಾವೇ ಬಂದು ಜಾಮೀನು ಕೊಡಿಸಿದರು. ಕರೆದಾಗಲೆಲ್ಲ ಬಳ್ಳಾರಿಗೆ ಹೋಗಬೇಕು.

ಗಿಡ್ಡಮ್ಮನ ವಿಧವಾ ವೇತನದ ಖಾತೆಗೂ ಬೀಗ ಬಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಪಕ್ಕ ಸೀಟು ಖಾಲಿ ಇದ್ದರೂ ಅವಳು ಕಂಬ ಹಿಡಿದು ನಿಂತೇ ಬಂದಳು. ಮರುದಿನ ಹೆಂಗಸರೆಲ್ಲ ನಮ್ಮ ಮನೆ ಮುಂದೆ ಬಂದರು. ಬಾಯಿಗಳು ಆಡುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಪರಶುವಿಗೆ ಬರೆದು ತೋರಿಸು ಎಂದೆ. ಅವನು ಬರೆಯಲು ಒಲ್ಲೆ ಎಂದ. ಗದರಿಸಿದ ಮೇಲೆ ಬರೆದ: "ಮೋಸ ಇದ್ರ ನಿನ್ ಮಗಳು ಹೇಳ್ತಾಳ ಅಂದಿದ್ದಿಯಲ್ಲಾ, ಎಲ್ಲಿ ಹೇಳಿದ್ಲು?"

ನಾನೂ ಅದನ್ನೇ ಕೇಳುತ್ತೇನೆ. ನಿನಗೆ ಮೊದಲೇ ಗೊತ್ತಿತ್ತೇ? ಕಾನೂನು ಕಟ್ಟಳೆ ಏನೂ ಬೇಡ. ಹೌದು ಇಲ್ಲ ಎರಡರಲ್ಲಿ ಒಂದು ಬರೆ.

ಪಾಲಯ್ಯ


ದೆಹಲಿ
24 ಡಿಸೆಂಬರ್ 2024

ಅಪ್ಪ,

ಹೌದು. ಗೊತ್ತಿತ್ತು.

ಅಕ್ಟೋಬರಿನಲ್ಲಿ ಆ ಸಣ್ಣ ಕಾಗದ ಬರೆಯುವಾಗ ನಿನ್ನ ಹೆಸರು, ಗಿಡ್ಡಮ್ಮತ್ತೆಯ ಹೆಸರು ನೋಡಿಯೇ ಬರೆದಿದ್ದೆ. ನೀನು ಕಾನೂನು ಬೇಡ ಎಂದಿದ್ದೀಯ, ಆದ್ದರಿಂದ ಅದನ್ನು ಹೇಳುವುದಿಲ್ಲ. ಆ ದುಡ್ಡಿನ ಹಿಂದೆ ಇದ್ದವರು ಸಿಕ್ಕಿದ್ದಾರೆ, ಪೇಪರಿನಲ್ಲೂ ಬಂದಿದೆ. ನಾನು ನಿನಗೆ ಹೇಳಿದ್ದರೆ ಸಿಗುತ್ತಿರಲಿಲ್ಲ. ಅವರು ಹೊರಗಿದ್ದಿದ್ದರೆ ಯಾವುದೋ ಊರಿನಲ್ಲಿ ಯಾರದೋ ಅಪ್ಪ ಸತ್ತಿರುತ್ತಿದ್ದ. ಹೀಗೆಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ನಿಜವೂ ಹೌದು. ಆದರೆ ಗಾಡಿ ಹತ್ತಿಸುವಾಗ ನಿನಗೆ ಅವರ ಮಾತು ಕೇಳಿಸದೆ, ಯಾಕೆ ಎಲ್ಲಿಗೆ ಎಂದು ತಿಳಿಯದೆ ಎಷ್ಟು ಗಾಬರಿಯಾಗಿರಬೇಕು ಎಂದು ನೆನೆದಾಗ ಆ ನಿಜ ನನ್ನ ಕೈ ಹಿಡಿಯುವುದಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ನಾಳೆ ಇಂಥದ್ದೇ ಕಡತ ಬಂದರೆ ನಾಳೆಯೂ ಸುಮ್ಮನಿರುತ್ತೇನೆ. ಹಾಗಿದ್ದ ಮೇಲೆ ಕ್ಷಮೆ ಕೇಳಿದರೆ ಅದು ನಾಟಕವಾಗುತ್ತದೆ.

ಬೈದಾದರೂ ಬರೆ.

ಅನಿತಾ


ಕುರುಗೋಡು
2 ಫೆಬ್ರವರಿ 2025

ಅನಿತಾಗ ಗಿಡ್ಡಮ್ಮ ಹೇಳಿ ಬರೆಸೋದು. ಬರಿಯಾಕಿ ನನ್ ಮೊಮ್ಮಗಳು ಅನುಷಾ. ನಾ ಹೆಂಗ ಹೇಳ್ತೀನೋ ಹಂಗ ಬರಿಬೇಕಂತ ಆಕಿಗಿ ಹೇಳೀನಿ.

ನಾ ಈಗ ಕುರುಗೋಡಾಗ ಮಗಳ ಮನ್ಯಾಗ ಅದೀನಿ. ಸಿರುಗುಪ್ಪದಾಗ ಇರಾಕ ಮನಸ್ ಒಪ್ಪವಲ್ದು. ಬಾಗ್ಲಾ ತೆಗದ್ರ ಎದುರಿಗಿ ನಿಮ್ಮಪ್ಪನ ಮುಖ. ಆ ಮುಖ ನೋಡಿದ್ರ ಸಿಟ್ ಬರ್ತೈತಿ, ಅಳೂ ಬರ್ತೈತಿ. ಎರಡೂ ಕೂಡಿ ಬಂದ್ರ ಮನಷ್ಯಾಗ ಕೆಲ್ಸ ಮಾಡಾಕ ಆಗಂಗಿಲ್ಲ.

ನೀ ಅವ್ನಿಗಿ ಬರ್ದಿದ್ದು ಪರಶು ಹೇಳಿದ. ನಿನಗ ಗೊತ್ತಿತ್ತಂತ. ಗೊತ್ತಿದ್ದೂ ಸುಮ್ನಿದ್ದಿ. ನಿನ್ ತಲಿ ಬಾಚಿದ್ ಕೈಯವ್ವಾ ಇದು. ಈ ಕೈ ಹಿಡಕೊಂಡು ಪೊಲೀಸ್ರು ಗಾಡಿ ಹತ್ತಿಸಿದ್ರು. ಮಿಲ್ ಮಾಲಕ ನೋಡಿದ, ಲಾರಿಯವ್ರು ನೋಡಿದ್ರು. ನಾ ಯಾರ್ದೂ ಒಂದ್ ಹಿಡಿ ಅಕ್ಕಿ ಮುಟ್ಟಿದಾಕಿ ಅಲ್ಲ.

ಈಗ ನಾ ಕಾಗದ ಬರ್ಸಿದ್ದು ನಿನ್ನ ಬಯ್ಯಾಕ ಅಷ್ಟ ಅಲ್ಲ. ನಿನಗ ತಿಳೀಬೇಕಾದ್ದು ಒಂದೈತಿ. ಬಳ್ಳಾರ್ಯಾಗ ಆ ಸಾಹೇಬ್ರು ನನ್ನ ಕೇಳಿದ್ರು, ಯಾರ್ ಹೇಳಿದ್ರಂತ ಬೆರಳ್ ಒತ್ತಿದ್ರಿ ಅಂತ. ನಾ ಯಾರೂ ಇಲ್ರಿ ಅಂದೆ. ನನ್ ಹಿಂದ ಹೋದ ಹೆಂಗ್ಸ್ರೂ ಹಂಗ ಅಂದ್ರು. ನಾವೇನ್ ಮೊದ್ಲ ಮಾತಾಡಿಕೊಂಡಿದ್ದಿಲ್ಲ. ಮನಿ ಮುಂದ ನಿಂತು ಬೈದೀವಿ ಖರೆ, ಸರ್ಕಾರದ ಮುಂದ ನಿಮ್ಮಪ್ಪನ ಹೆಸ್ರು ಯಾರೂ ಹೇಳಿಲ್ಲ. ನಿನ್ ಹೆಸ್ರೂ ಹೇಳಿಲ್ಲ. ಹುಡುಗಿ ಕಷ್ಟಪಟ್ಟು ಮ್ಯಾಲ ಬಂದೈತಿ, ನಮ್ ಬಾಯಿಲೆ ಯಾಕ ಕೆಡಬೇಕು ಅಂತ.

ನಾವೂ ಗೊತ್ತಿದ್ದೂ ಸುಮ್ನಿದ್ದೀವಿ ನೋಡವ್ವಾ, ನಿನ್ನಂಗ. ನೀ ಸರ್ಕಾರದ ಸಲುವಾಗಿ ಸುಮ್ನಿದ್ದಿ. ನಾವು ನಿನ್ ಸಲುವಾಗಿ.

ಉಂಡಿಯೋ ಇಲ್ಲೋ, ಹೊತ್ತಿಗಿ ಸರಿಯಾಗಿ ಉಣ್ಣು.

ಗಿಡ್ಡಮ್ಮ


ಸಿರುಗುಪ್ಪ
20 ಮಾರ್ಚ್ 2025

ಅನಿತಾ,

ನಿನಗೆ ಬರೆಯಬಾರದೆಂದೇ ಇದ್ದೆ. ಡಿಸೆಂಬರಿನ ನಿನ್ನ ಕಾಗದ ಓದಿ ಮಡಿಸಿಟ್ಟವನು ಇಂದಿನವರೆಗೆ ಪೆನ್ನು ಮುಟ್ಟಿಲ್ಲ. ಈಗ ಬರೆಯುತ್ತಿರುವುದು ಸಿಟ್ಟು ಇಳಿದಿದೆ ಎಂದಲ್ಲ. ನಿನ್ನನ್ನು ಕೇಳದೆ ಮಾಡಲಾಗದ ಒಂದು ಕೆಲಸ ಎದುರಿಗೆ ಬಂದಿದೆ.

ಸೋಮವಾರ ವಿರೂಪಾಕ್ಷಿ ವಕೀಲರು ಕರೆಸಿದ್ದರು. ನನ್ನೆದುರು ಹಲಗೆ ಇಟ್ಟುಕೊಂಡು ಬರೆದು ಬರೆದು ತಿಳಿಸಿದರು. ಹೆಂಗಸರು ಸ್ಟೀಲ್ ಕೊಡದ ಆಸೆಗೆ ತಿಳಿದೂ ತಿಳಿದೂ ಖಾತೆ ಬಿಟ್ಟುಕೊಟ್ಟರು ಎಂದು ಸರ್ಕಾರದ ವಾದ. ಅವರು ನಂಬಿ ಮೋಸ ಹೋದವರು ಎಂದು ತೋರಿಸಿದರೆ ಆರೋಪಿಗಳ ಸಾಲಿನಿಂದ ತೆಗೆದು ಸಾಕ್ಷಿಗಳನ್ನಾಗಿ ಮಾಡಬಹುದಂತೆ. ಹಾಗಾದರೆ ಏನನ್ನು ನಂಬಿದರು ಎಂದು ಯಾರಾದರೂ ಹೇಳಬೇಕು. ಅವರ ಬಾಯಿಂದ ಬರುವುದಿಲ್ಲ. ವಕೀಲರು ಕೇಳಿದರೂ ನೆಲ ನೋಡುತ್ತಾರಂತೆ.

ಹೇಳಬೇಕಾದವನು ನಾನು. ಮೊದಲು ಒತ್ತಿದವನು ನಾನೇ ಎಂದು ಹೇಳಲು ನನಗೆ ಹೆದರಿಕೆಯಿಲ್ಲ, ಈ ವಯಸ್ಸಿಗೆ ಜೈಲಿನಲ್ಲಿಟ್ಟರೆ ಸೊಸೆಗೆ ಅಡುಗೆ ಕಡಿಮೆ. ಆದರೆ ವಕೀಲರು ಹಲಗೆಯ ಮೇಲೆ ಬರೆದರು, ಅಷ್ಟು ಸಾಲದು ಅಂತ. ಕಿವುಡ ಮೇಸ್ತ್ರಿ ಒತ್ತಿದ ಎಂದು ಯಾರು ಒತ್ತುತ್ತಾರೆ? ಮಗಳ ಕೆಲಸದ ಹೆಸರು ಹೇಳಿದ್ದಕ್ಕೆ ಒತ್ತಿದರು. ಅದನ್ನು ಹೇಳಿದರೆ ಮಾತ್ರ ಕೋರ್ಟು ನಂಬುತ್ತದೆ. ಹೇಳಿದರೆ ನಿನ್ನ ಹೆಸರು ಕಡತಕ್ಕೆ ಹೋಗುತ್ತದೆ.

ವಕೀಲರು ಆ ಮಾತು ಬರೆದು ತಕ್ಷಣ ಅಂಗೈಯಿಂದ ಒರೆಸಿದರು. ಅವರ ಕಣ್ಣಲ್ಲಿ ನೀರಿತ್ತು. ನಿನ್ನನ್ನು ಅವರು ಮಗಳಂತೆ ತಿದ್ದಿದವರು. "ನಾ ಹೇಳು ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ, ಆಕಿನ್ನ ಕೇಳ್ರಿ" ಎಂದು ಮತ್ತೆ ಬರೆದರು.

ನನ್ನ ಮಾತು ನಂಬಿದವರನ್ನು ಉಳಿಸಬೇಕು. ನಿನ್ನನ್ನೂ ಉಳಿಸಬೇಕು. ಎರಡೂ ಆಗುವುದಿಲ್ಲವಂತೆ. ಹೇಳಲೋ ಬೇಡವೋ?

ಅಪ್ಪ


ದೆಹಲಿ
31 ಮಾರ್ಚ್ 2025

ಅಪ್ಪ,

ಹೇಳು.

ನಾನು ನಿನಗೆ ವಕೀಲಳಾಗಿ ಸಲಹೆ ಕೊಡುವ ಹಾಗಿಲ್ಲ, ಅದು ವಿರೂಪಾಕ್ಷಿ ಸರ್ ಕೆಲಸ. ಮಗಳಾಗಿ ಹೇಳುತ್ತಿದ್ದೇನೆ. ನೀನು ಮಿಲ್ಲಿನಲ್ಲಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳು. ನನ್ನ ಪೂರ್ತಿ ಹೆಸರು ಹೇಳು.

ನಿನಗೆ ತಿಳಿಯದ್ದು ಒಂದಿದೆ. ಅಕ್ಟೋಬರಿನಲ್ಲಿ ನನ್ನ ತಂದೆ ಇದರಲ್ಲಿದ್ದಾರೆ ಎಂದು ಮೇಲಧಿಕಾರಿಗೆ ತಿಳಿಸಿದೆ. ನನ್ನ ಹೆಸರು ಹೇಳಿ ಜನರನ್ನು ಒಪ್ಪಿಸಲಾಗಿತ್ತು ಎಂಬುದನ್ನು ಮುಚ್ಚಿಟ್ಟೆ. ನಿನಗೆ ಹೇಳದಿದ್ದದ್ದು ಕರ್ತವ್ಯ, ಅವರಿಗೆ ಹೇಳದಿದ್ದದ್ದು ಆಸೆ. ಗಿಡ್ಡಮ್ಮತ್ತೆಯ ಕಾಗದ ಬಂದಾಗಿನಿಂದ ಊಟದ ತಟ್ಟೆ ಮುಂದೆ ಕೂತರೆ ಅದೇ ನೆನಪು. ಪೊಲೀಸರ ಮುಂದೆ ಕೂತು ಅಷ್ಟು ಹೆಂಗಸರು ನನ್ನ ಕೆಲಸ ಕಾಪಾಡಿದ್ದಾರೆ. ಆ ಕೆಲಸದಲ್ಲಿ ಕೂತು ನಾನು ಅವರ ಮೇಲೆ ಆರೋಪ ಬೀಳುವುದನ್ನು ಸುಮ್ಮನೆ ನೋಡುತ್ತಿದ್ದೆ. ಇದನ್ನು ಹೊತ್ತುಕೊಂಡು ಬದುಕಲು ಆಗುವುದಿಲ್ಲ.

ನಿನ್ನ ಕಾಗದ ತಲುಪಿದ ದಿನವೇ ಹೋಗಿ ಎಲ್ಲ ಹೇಳಿದೆ. ನಿನ್ನ ಸೆಪ್ಟೆಂಬರಿನ ಕಾಗದವನ್ನೂ ಕೊಟ್ಟುಬಂದೆ. ಮೇಲಧಿಕಾರಿ ಅದನ್ನು ಕಡತಕ್ಕೆ ಸೇರಿಸಿಕೊಂಡರು. "ಆಗಲೇ ಹೇಳಿದ್ದರೆ ಇದು ಸಣ್ಣದರಲ್ಲೇ ಮುಗಿಯುತ್ತಿತ್ತು" ಎಂದರು. ಈಗ ಭದ್ರತೆಯ ವಿಭಾಗದಿಂದ ತೆಗೆದಿದ್ದಾರೆ. ವಿಚಾರಣೆ ಮುಗಿಯುವವರೆಗೆ ಹಳೆಯ ಕಡತಗಳ ಕೋಣೆ. ಅಕ್ಟೋಬರಿನಲ್ಲಿ ನಾನೇ ನಿನಗೆ ಮೊದಲು ತಿಳಿಸಿದ್ದೆನೇ ಎಂಬ ಅನುಮಾನವೂ ಅವರಿಗೆ ಬಂದಿದೆ. ಬರಬೇಕಾದದ್ದೇ. ಒಂದು ಮಾತು ಮುಚ್ಚಿಟ್ಟವಳು ಇನ್ನೊಂದನ್ನು ಮುಚ್ಚಿಟ್ಟಿಲ್ಲ ಎಂದು ಯಾರು ನಂಬುತ್ತಾರೆ? ಅದು ರುಜುವಾತಾದರೆ ಕೆಲಸವಷ್ಟೇ ಅಲ್ಲ, ವಕೀಲಿ ಸನ್ನದೂ ಹೋಗುತ್ತದೆ.

ನೀನು ಅದರ ಚಿಂತೆ ಮಾಡಬೇಡ. ಹೋಗಿ ಹೇಳು.

ಅನಿತಾ


ಬಳ್ಳಾರಿ
19 ಮೇ 2025

ಅನಿತಾ,

ವಿರೂಪಾಕ್ಷಿ ವಕೀಲರ ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಬೆಂಕಿ ಬಿಸಿಲು. ಸಿರುಗುಪ್ಪದ ಬಸ್ಸಿಗೆ ಇನ್ನೂ ಹೊತ್ತಿದೆ.

ಬೆಳಿಗ್ಗೆ ಕಂಟೋನ್ಮೆಂಟಿನ ಬಂಗಲೆಗೆ ಹೋಗಿದ್ದೆ. ಹೆಂಗಸರೂ ಬಂದಿದ್ದರು. ಕುರುಗೋಡಿನಿಂದ ಗಿಡ್ಡಮ್ಮ ಬಂದು ಬೇವಿನ ಮರದ ಕೆಳಗೆ ಕೂತಿದ್ದಳು. ನಾನು ಏನು ಹೇಳಲು ಬಂದಿದ್ದೇನೆಂದು ವಕೀಲರು ತಿಳಿಸಿದಾಗ ಎದ್ದು ಬಂದು ನನ್ನ ಅಂಗಿ ಹಿಡಿದು ಜಗ್ಗಿದಳು. ತಲೆ ಅಲ್ಲಾಡಿಸಿದಳು, ಬೇಡ ಬೇಡ ಅಂತ. ಅವಳ ಕೈ ಬಿಡಿಸಿಕೊಂಡು ಒಳಗೆ ಹೋದೆ.

ಒಬ್ಬ ಕನ್ನಡದ ಅಧಿಕಾರಿ ಇದ್ದ, ನಿನ್ನ ವಯಸ್ಸಿನವನು. ನನಗೆ ಕೇಳುವುದಿಲ್ಲವೆಂದು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಟ್ಟ, ಉತ್ತರವನ್ನೂ ಅಲ್ಲೇ ಬರೆಯಿರಿ ಎಂದ. ಮಿಲ್ಲಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ಮೊದಲು ಒತ್ತಿದ್ದು ನಾನು, ಮಗಳ ಕೆಲಸದ ಹೆಸರು ಹೇಳಿ ಎಲ್ಲರನ್ನೂ ಒಪ್ಪಿಸಿದ್ದು ನಾನು, ಈ ಹೆಂಗಸರಿಗೆ ಏನೂ ಗೊತ್ತಿರಲಿಲ್ಲ. ಮಗಳ ಹೆಸರು ಎಂದು ಕೇಳಿದಲ್ಲಿ ಅನಿತಾ ಎಂದು ಬರೆದೆ. ನಿನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಬರೆದದ್ದು ಬಿಟ್ಟರೆ ಸರ್ಕಾರದ ಕಾಗದದಲ್ಲಿ ನಿನ್ನ ಹೆಸರು ನಾನು ಬರೆದದ್ದು ಇವತ್ತೇ. ಅಕ್ಷರ ನೆಟ್ಟಗೆ ಬರಲಿಲ್ಲ.

ಹೆಂಗಸರನ್ನು ಸಾಕ್ಷಿಗಳನ್ನಾಗಿ ಮಾಡಲು ಕೋರ್ಟಿಗೆ ಬರೆಯುತ್ತಾರಂತೆ. ನನ್ನ ಮೇಲಿನ ಕೇಸು ಇರುತ್ತದೆ. ಇರಲಿ.

ಮುಗಿಯಿತೆಂದು ಏಳುತ್ತಿದ್ದೆ. ಅವನು ಕೂರಿ ಎಂದು ಸನ್ನೆ ಮಾಡಿ ಕೊನೆಯದಾಗಿ ಒಂದು ಬರೆದುಕೊಟ್ಟ. "ಖಾತೆಗಳ ಮೇಲೆ ತನಿಖೆ ನಡೆದಿದೆ ಎಂದು ನಿಮ್ಮ ಮಗಳು ನಿಮಗೆ ಮುಂಚಿತವಾಗಿ ತಿಳಿಸಿದ್ದಳೇ?"

ಆ ಪ್ರಶ್ನೆ ನೋಡಿ ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಮಗಳು ಹೇಳಲಿಲ್ಲ, ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ ಎಂದು ಚಳಿಗಾಲದಿಂದ ಕೊರಗುತ್ತಿದ್ದೇನೆ. ಪರಶುವಿನ ಮುಂದೆ ಹೇಳಿಕೊಂಡು ಅತ್ತಿದ್ದೇನೆ, ನಿನ್ನ ಅವ್ವನ ಫೋಟೋ ಮುಂದೆ ನಿಂತು ದೂರು ಹೇಳಿದ್ದೇನೆ. ಈಗ ಅದೇ ಮಾತನ್ನು ನಿನ್ನನ್ನು ಉಳಿಸಲು ಬರೆಯಬೇಕು.

ಬರೆದೆ. "ಇಲ್ಲ. ನನ್ನ ಮಗಳು ಹೇಳಲಿಲ್ಲ." ಇನ್ನೂ ಜಾಗವಿತ್ತು. ಅದರ ಕೆಳಗೆ, "ಅಪ್ಪ ಅಂತಲೂ ನೋಡಲಿಲ್ಲ" ಎಂದು ಬರೆದು ಸಹಿ ಹಾಕಿದೆ. ಅವನು ಓದಿದ. ಓದಿ ಎದ್ದು ನಿಂತು ನನಗೆ ಕೈ ಮುಗಿದ. ನನಗಲ್ಲ ಅದು, ನಿನಗೆ. ತಲುಪಿಸುತ್ತಿದ್ದೇನೆ.

ಸಿಟ್ಟು ಹೋಗಿಲ್ಲ ಅನಿತಾ. ಬರೆಯುವಾಗಲೂ ಇತ್ತು, ಈಗಲೂ ಇದೆ. ನಿನ್ನನ್ನು ಕಂಡರೆ ಮೊದಲು ಬೈಯುತ್ತೇನೆ. ಬೈಸಿಕೊಳ್ಳಲಾದರೂ ಬಾ.

ನಿನ್ನ ಅಪ್ಪ,
ಪಾಲಯ್ಯ